ವಯಸ್ಸಾದ ಅಪ್ಪ-ಅಮ್ಮನ ಜೊತೆ ಮೊದಲ ಸಲ ಅಂಡಮಾನ್‌ಗೆ ಹೋಗುವವರು ಏನೇನು ಗಮನಿಸಬೇಕು?

ಜಮಖಂಡಿಯಿಂದ ಕೇಳಿದ್ದೀರಿ. ಫೆಬ್ರವರಿಯಲ್ಲಿ ಆರು ದಿನ, ಜೊತೆಗೆ ಅಪ್ಪ-ಅಮ್ಮ, ಇಬ್ಬರು ಮಕ್ಕಳು. ನಾನು ವಿಜಯಪುರದವನು. ಹೋದ ಡಿಸೆಂಬರ್‌ನಲ್ಲಿ ಅವ್ವ, ಹೆಂಡತಿ, ಮಗಳನ್ನು ಕರೆದುಕೊಂಡು ಹೋಗಿ ಬಂದೆ. ನಾವು ಎಡವಿದ ಕಡೆ ನೀವು ಎಡವಬಾರದು ಅಂತ ಬರೆಯುತ್ತಿದ್ದೇನೆ.

ಮೊದಲು ಹೆಸರಿನ ಗೊಂದಲ. 2024ರ ಸೆಪ್ಟೆಂಬರ್‌ನಲ್ಲಿ ಪೋರ್ಟ್ ಬ್ಲೇರ್‌ಗೆ ಶ್ರೀ ವಿಜಯಪುರಂ ಅಂತ ಹೆಸರಿಟ್ಟರು. ನಾನು ಹೇಳಿದಾಗ ಅವ್ವ, "ನಾವಿರೂದ ವಿಜಯಪುರ, ಮತ್ತ ಯಾವ ವಿಜಯಪುರಕ್ಕ ಹೊಂಟೀಯೋ?" ಅಂದಳು. ಹಾವ್‌ಲಾಕ್ ದ್ವೀಪ 2018ರಿಂದ ಸ್ವರಾಜ್ ದ್ವೀಪ, ನೀಲ್ ದ್ವೀಪ ಶಹೀದ್ ದ್ವೀಪ. ಆಟೋದವರ ಬಾಯಲ್ಲಿ ಇನ್ನೂ ಹಳೇ ಹೆಸರೇ. ಎರಡೂ ನೆನಪಿಟ್ಟುಕೊಳ್ಳಿ.

ಈಗ ಮುಖ್ಯ ವಿಷಯ, ಹೊತ್ತು. ಗಡಿಯಾರ ನಮ್ಮದೇ, ಸೂರ್ಯ ಮಾತ್ರ ನಮ್ಮವನಲ್ಲ. ಅಂಡಮಾನ್ ನಮಗಿಂತ ಸುಮಾರು 17 ಡಿಗ್ರಿ ಪೂರ್ವಕ್ಕಿದೆ. ಒಂದು ಡಿಗ್ರಿಗೆ ನಾಲ್ಕು ನಿಮಿಷದ ಲೆಕ್ಕದಲ್ಲಿ ಅಲ್ಲಿ ಸೂರ್ಯ ನಮಗಿಂತ ಒಂದು ಗಂಟೆಗೂ ಜಾಸ್ತಿ ಮೊದಲೇ ಹುಟ್ಟಿ, ಮೊದಲೇ ಮುಳುಗುತ್ತಾನೆ. ನಾನು ಇದನ್ನು ಯೋಚಿಸಿಯೇ ಇರಲಿಲ್ಲ. ಹಾವ್‌ಲಾಕ್‌ನ ರಾಧಾನಗರ ಬೀಚಿನಲ್ಲಿ ಸೂರ್ಯಾಸ್ತ ನೋಡೋಣ ಅಂತ ಊಟ, ನಿದ್ದೆ, ಚಹಾ ಎಲ್ಲ ಮುಗಿಸಿಕೊಂಡು ಐದೂವರೆಗೆ ಹೋದೆವು. ಸೂರ್ಯ ಆಗಲೇ ಮುಳುಗಿದ್ದ. ಜನ ಕಾಲಿನ ಮರಳು ಕೊಡವಿಕೊಂಡು ಗಾಡಿ ಹತ್ತುತ್ತಿದ್ದರು. ಮಗಳು ನನ್ನನ್ನು ನೋಡಿದ ನೋಟ ಇನ್ನೂ ಮರೆತಿಲ್ಲ. ಫೆಬ್ರವರಿಯಲ್ಲಿ ನಿಮಗೆ ಸ್ವಲ್ಪ ಹೊತ್ತು ಜಾಸ್ತಿ ಸಿಗಬಹುದು, ಆದರೂ ನಾಲ್ಕಕ್ಕೇ ಬೀಚಿನಲ್ಲಿರಿ. ಬೆಳಿಗ್ಗೆ ಆರಕ್ಕೆಲ್ಲ ಚೆನ್ನಾಗಿ ಬೆಳಕಾಗಿರುತ್ತದೆ, ಬೇಗ ಏಳುವ ನಿಮ್ಮ ಅಪ್ಪ-ಅಮ್ಮನಿಗೆ ಅದೇ ಒಳ್ಳೆಯದು.

ಎರಡನೆಯದು ಉಬ್ಬರ-ಇಳಿತ. ಆಲಮಟ್ಟಿ ಹಿನ್ನೀರು ವರ್ಷಕ್ಕೊಮ್ಮೆ ಏರುತ್ತದೆ, ಒಮ್ಮೆ ಇಳಿಯುತ್ತದೆ. ನಮಗೆ ಗೊತ್ತಿರುವುದು ಅಷ್ಟೇ ಅಲ್ವಾ? ಇಲ್ಲಿ ಸಮುದ್ರ ದಿನಕ್ಕೆ ಎರಡು ಸಲ ಏರಿ ಇಳಿಯುತ್ತದೆ, ಹೊತ್ತು ದಿನದಿನಕ್ಕೂ ಸರಿಯುತ್ತದೆ. ನೀಲ್‌ನಲ್ಲಿ ಕಲ್ಲಿನ ಕಮಾನು ಒಂದಿದೆ, ಅಲ್ಲಿನವರು ಹೌರಾ ಬ್ರಿಡ್ಜ್ ಅನ್ನುತ್ತಾರೆ. ನೀರು ಇಳಿದಾಗ ಮಾತ್ರ ಹತ್ತಿರ ಹೋಗಬಹುದು. ಆಗ ಬಂಡೆಯ ಗುಂಡಿಗಳಲ್ಲಿ ಸಣ್ಣ ಮೀನು, ಏಡಿ ಸಿಕ್ಕಿಕೊಂಡಿರುತ್ತವೆ. ಮಕ್ಕಳು ಅಲ್ಲಿಂದ ಏಳುವುದೇ ಇಲ್ಲ. ಆದರೆ ಕಲ್ಲು ಪಾಚಿ ಹಿಡಿದು ಜಾರುತ್ತದೆ. ಮೊಣಕಾಲು ನೋವಿರುವ ಅವ್ವನನ್ನು ದಂಡೆಯಲ್ಲೇ ಎಳನೀರು ಕೊಟ್ಟು ಕೂರಿಸಿದೆವು. ಭರತ್‌ಪುರ ಬೀಚಿನಲ್ಲಿ ತಳಕ್ಕೆ ಗಾಜು ಹಾಕಿದ ದೋಣಿ ಇದೆ. ನೀರಿಗಿಳಿಯದೆ ಹವಳ ನೋಡಬಹುದು, ಹಿರಿಯರಿಗೆ ಅದೇ ಸಾಕು. ಹೋಗುವ ಮುಂಚೆ ಇಳಿತ ಎಷ್ಟು ಹೊತ್ತಿಗೆ ಅಂತ ಹೋಟೆಲಿನಲ್ಲಿ ಕೇಳಿ.

ದ್ವೀಪದಿಂದ ದ್ವೀಪಕ್ಕೆ ಹಡಗೇ ಗತಿ. ಪೋರ್ಟ್ ಬ್ಲೇರ್‌ನಿಂದ ಹಾವ್‌ಲಾಕ್‌ಗೆ ಒಂದೂವರೆಯಿಂದ ಎರಡೂವರೆ ಗಂಟೆ. ಟಿಕೆಟ್ ಮೊದಲೇ ಮಾಡಿಸಿ, ಎಲ್ಲರ ಆಧಾರ್ ಜೊತೆಗಿರಲಿ. ವಾಂತಿ ತಡೆಯುವ ಮಾತ್ರೆ ಬೇಕಾ ಅಂತ ನಿಮ್ಮ ಡಾಕ್ಟರನ್ನು ಕೇಳಿಕೊಂಡೇ ಹೊರಡಿ. ಹಡಗು ಅಲುಗಾಡಿದ ಮೇಲೆ ನುಂಗಿದರೆ ಉಪಯೋಗವಿಲ್ಲ. ಗಾಳಿ ಜೋರಾದರೆ ಹಡಗು ರದ್ದಾಗುತ್ತದೆ. ಅದಕ್ಕೇ ಕೊನೆಯ ರಾತ್ರಿ ಪೋರ್ಟ್ ಬ್ಲೇರ್‌ನಲ್ಲೇ ಇರಬೇಕು. ಹಾವ್‌ಲಾಕ್‌ನಿಂದ ಹಡಗಿನಲ್ಲಿ ಬಂದ ದಿನವೇ ವಿಮಾನ ಹಿಡಿಯುವ ಲೆಕ್ಕ ಹಾಕಬೇಡಿ. ನೀವೇನಾದರೂ ಸ್ಕೂಬಾ (ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಸಮುದ್ರದೊಳಗೆ ಇಳಿಯುವುದು) ಮಾಡಿದರೆ ವಿಮಾನಕ್ಕೆ ಮುಂಚೆ ಒಂದು ಪೂರ್ತಿ ದಿನ ಬಿಡಬೇಕು.

ಪೋರ್ಟ್ ಬ್ಲೇರ್‌ನಲ್ಲಿ ಸೆಲ್ಯುಲರ್ ಜೈಲಿದೆ, ಬ್ರಿಟಿಷರು ಸ್ವಾತಂತ್ರ್ಯ ಹೋರಾಟಗಾರರನ್ನು ಇಟ್ಟಿದ್ದ ಜೈಲು. ರಜೆ ಯಾವತ್ತು ಅಂತ ಮೊದಲೇ ಕೇಳಿಕೊಳ್ಳಿ. 1906ರಲ್ಲಿ ಮುಗಿದಾಗ ಚಕ್ರದ ಕಡ್ಡಿಗಳ ಹಾಗೆ ಏಳು ಸಾಲು ಇದ್ದವು, ಈಗ ಉಳಿದಿರುವುದು ಮೂರು. ಅವಸರ ಮಾಡಬೇಡಿ.

ಬಾರಾಟಾಂಗ್ ಗುಹೆಗೆ ನಾವು ಹೋಗಲಿಲ್ಲ. ನಸುಕಿನಲ್ಲೇ ಹೊರಡಬೇಕು, ದಾರಿ ಜಾರವಾ ಅನ್ನುವ ಆದಿವಾಸಿ ಜನರ ಕಾಡಿನ ನಡುವೆ. ಸಾಲಾಗಿ ಗಾಡಿ ಬಿಡುತ್ತಾರೆ, ಅವರ ಫೋಟೋ ತೆಗೆಯುವುದು ಅಪರಾಧ. ಅವರ ಮನೆಯಂಗಳದಲ್ಲಿ ನಾವು ಸುಮ್ನೆ ಇಣುಕಿ ಹೋದ ಹಾಗೆ ಅನಿಸಿ ಬಿಟ್ಟೆ. ಹಿರಿಯರಿಗೂ ಆಯಾಸ.

ಮಕ್ಕಳಿಗೆ ಮೊದಲೇ ಹೇಳಿಡಿ: ಹವಳದ ಚೂರು ಚೀಲಕ್ಕೆ ಹಾಕಬಾರದು. ವನ್ಯಜೀವಿ ಕಾಯ್ದೆಯಲ್ಲಿ ಹವಳಕ್ಕೆ ರಕ್ಷಣೆ ಇದೆ, ವಿಮಾನ ನಿಲ್ದಾಣದಲ್ಲಿ ಹಿಡಿಯುತ್ತಾರೆ. ನನ್ನ ಮಗಳ ಚಡ್ಡಿ ಜೇಬಿನಲ್ಲೂ ಒಂದು ಸಿಕ್ಕಿತ್ತು. ಅಂದೇ ದಂಡೆಗೆ ವಾಪಸ್ ಹಾಕಿಸಿದೆ.

ಊಟಕ್ಕೆ ತೊಂದರೆಯಿಲ್ಲ, ಸಸ್ಯಾಹಾರವೂ ಸಿಗುತ್ತದೆ. ರೊಟ್ಟಿ ಮಾತ್ರ ಕೇಳಬೇಡಿ. ಅವ್ವ ಕಟಕ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಂದಿದ್ದಳು. ಸಮುದ್ರದ ಗಾಳಿಗೆ ಎರಡನೇ ದಿನಕ್ಕೆ ರೊಟ್ಟಿ ಹಪ್ಪಳ ನೆನೆಸಿದ ಹಾಗೆ ಮೆತ್ತಗಾಯಿತು. ಗಾಳಿಯಾಡದ ಡಬ್ಬಿಯಲ್ಲಿ ಹಾಕಿ. ಖಾರದ ಪುಡಿಯನ್ನು ವಿಮಾನದ ಕೈಚೀಲದಲ್ಲಿ ಇಡಬೇಡಿ, ತೆಗೆಸಿಬಿಡುತ್ತಾರೆ. ದೊಡ್ಡ ಬ್ಯಾಗಿಗೆ ಹಾಕಿ. ಸಣ್ಣ ದ್ವೀಪಗಳಲ್ಲಿ ನೆಟ್‌ವರ್ಕ್ ಕೈಕೊಡುತ್ತದೆ, ಸ್ವಲ್ಪ ನಗದು ಇಟ್ಟುಕೊಳ್ಳಿ.

ಸ್ವೆಟರ್ ಬೇಡ. ನಾವು ನಾಲ್ಕು ಹೊತ್ತುಕೊಂಡು ಹೋಗಿದ್ದೆವು. ಬ್ಯಾಗಿನಿಂದ ಹೊರತೆಗೆದದ್ದು ವಾಪಸ್ ಬರುವಾಗ, ಬೆಂಗಳೂರಿನಿಂದ ರೈಲು ಹತ್ತಿದ ಮೇಲೆ.