‘ಶಿ ಲುಕ್ಸ್ ಹ್ಯಾಪಿಲಿ’ ಯಾಕೆ ತಪ್ಪು? ‘ಬ್ರೆಡ್ ಅಂಡ್ ಬಟರ್’ಗೆ ‘ಈಸ್’ ಯಾಕೆ?

ನೀವು ಕೇಳಿದ್ದು ಮೂರು ಪ್ರಶ್ನೆ. ‘ಶಿ ಲುಕ್ಸ್ ಹ್ಯಾಪಿ’ ಸರಿ, ‘ಹ್ಯಾಪಿಲಿ’ ತಪ್ಪು ಅಂತಾರಲ್ಲ, ಯಾಕೆ? ವಾಕ್ಯ ಉದ್ದವಾದರೆ ‘ಈಸ್’ ಹಾಕಬೇಕೋ ‘ಆರ್’ ಹಾಕಬೇಕೋ ತಿಳಿಯುವುದಿಲ್ಲ, ಏನು ಮಾಡಲಿ? ‘ಬ್ರೆಡ್ ಅಂಡ್ ಬಟರ್’ ಎರಡು ವಸ್ತು, ಅದಕ್ಕೆ ‘ಈಸ್’ ಹೇಗೆ ಬಂತು? ಕೊನೆಗೆ ನೀವೇ ಬರೆದ ಒಂದು ವಾಕ್ಯವನ್ನೂ ತಿದ್ದಿಕೊಡಿ ಅಂದಿದ್ದೀರಿ.

ನಾನು ಇಂಗ್ಲಿಷ್ ಮೇಷ್ಟ್ರಲ್ಲ. ಬೇರೆಯವರು ಬರೆದ ಇಂಗ್ಲಿಷ್ ವರದಿಗಳನ್ನು ತಿದ್ದುವುದು ನನ್ನ ಕೆಲಸ. ವರ್ಷಗಟ್ಟಲೆ ಅದನ್ನೇ ಮಾಡಿದ ಮೇಲೆ ಗೊತ್ತಾಗಿದ್ದು ಇಷ್ಟು: ಕನ್ನಡದವರು ಮಾಡುವ ತಪ್ಪುಗಳಿಗೆ ಒಂದು ಲೆಕ್ಕ ಇರುತ್ತದೆ. ಆ ಲೆಕ್ಕ ಕನ್ನಡದಲ್ಲಿ ಪೂರ್ತಿ ಸರಿ. ಇಂಗ್ಲಿಷಿಗೆ ಹೊಂದುವುದಿಲ್ಲ, ಅಷ್ಟೇ. ಆದ್ದರಿಂದ ನಿಯಮಗಳನ್ನು ಉರು ಹೊಡೆಯುವುದಕ್ಕಿಂತ ಕನ್ನಡ ಎಲ್ಲಿ ನಮ್ಮನ್ನು ಎಳೆಯುತ್ತಿದೆ ಅಂತ ನೋಡಿಕೊಂಡರೆ ಜಾಸ್ತಿ ಉಪಯೋಗ.

‘ಹ್ಯಾಪಿಲಿ’ಯನ್ನೇ ತೊಗೊಳ್ಳಿ. ಕನ್ನಡದಲ್ಲಿ ‘ಅವಳು ಚೆನ್ನಾಗಿ ಹಾಡುತ್ತಾಳೆ’ ಅನ್ನುತ್ತೇವೆ. ‘ಅವಳು ಚೆನ್ನಾಗಿ ಕಾಣುತ್ತಾಳೆ’ ಅಂತಲೂ ಅನ್ನುತ್ತೇವೆ. ಎರಡು ಕಡೆಯೂ ಅದೇ ‘ಚೆನ್ನಾಗಿ’. ‘ಆಗಿ’ ಅನ್ನುವ ಆ ಬಾಲ ಎರಡು ಕೆಲಸ ಮಾಡುತ್ತದೆ. ಕೆಲಸ ಹೇಗೆ ನಡೆಯಿತು ಅಂತ ಹೇಳುತ್ತದೆ, ಮನುಷ್ಯ ಹೇಗಿದ್ದಾನೆ ಅಂತಲೂ ಹೇಳುತ್ತದೆ. ಆದರೆ ಇಂಗ್ಲಿಷ್ ಕಲಿಯುವಾಗ ನಮ್ಮ ತಲೆಯಲ್ಲಿ ಕೂತಿದ್ದು ಒಂದೇ ಸೂತ್ರ: ‘ಆಗಿ’ ಬಂದರೆ ‘ಲಿ’ ಹಚ್ಚು. ನಿಧಾನವಾಗಿ ಅಂದರೆ ಸ್ಲೋಲಿ, ಸಂತೋಷವಾಗಿ ಅಂದರೆ ಹ್ಯಾಪಿಲಿ. ‘ಸಂತೋಷವಾಗಿ ಕಾಣುತ್ತಾಳೆ’ ಅನ್ನುವುದು ‘ಲುಕ್ಸ್ ಹ್ಯಾಪಿಲಿ’ ಆಗಿದ್ದು ಹೀಗೆ.

ಇಂಗ್ಲಿಷ್ ಈ ಎರಡನ್ನೂ ಬೇರೆ ಬೇರೆ ಇಡುತ್ತದೆ. ಹಾಡುವುದು ಒಂದು ಕೆಲಸ. ಅದು ಹೇಗೆ ನಡೆಯಿತು ಅಂತ ಹೇಳಲು ಅಡ್ವರ್ಬ್ ಬೇಕು. ‘ಶಿ ಲುಕ್ಸ್ ಹ್ಯಾಪಿ’ ಅಂದಾಗ ಅವಳು ಏನು ಮಾಡುತ್ತಿದ್ದಾಳೆ ಹೇಳಿ? ಏನೂ ಇಲ್ಲ. ಸುಮ್ನೆ ನಿಂತಿದ್ದಾಳೆ, ನೋಡುತ್ತಿರುವವರು ನಾವು. ಇಲ್ಲಿ ‘ಲುಕ್ಸ್’ ಒಂದು ಕೊಂಡಿ. ಈ ಕಡೆ ‘ಶಿ’, ಆ ಕಡೆ ‘ಹ್ಯಾಪಿ’. ಲಿಂಕಿಂಗ್ ವರ್ಬ್ ಅನ್ನುವ ಹೆಸರು ಬಂದಿರುವುದೂ ಅದಕ್ಕೇ. ಕೊಂಡಿಯ ಆಚೆ ಇರುವ ಪದ ‘ಶಿ’ ಬಗ್ಗೆ ಹೇಳುತ್ತಿದೆ, ಹಾಗಾಗಿ ಅದು ಅಡ್ಜೆಕ್ಟಿವ್ ಆಗಿರಬೇಕು.

ಪರೀಕ್ಷೆ ಸುಲಭ. ಆ ವರ್ಬ್ ತೆಗೆದು ‘ಈಸ್’ ಅಥವಾ ‘ವಾಸ್’ ಇಟ್ಟು ನೋಡಿ. ಅರ್ಥ ಹೆಚ್ಚುಕಮ್ಮಿ ಉಳಿದರೆ ಅದು ಕೊಂಡಿ. ‘ಹಿ ಲುಕ್ಡ್ ಆ್ಯಂಗ್ರಿ’, ‘ಹಿ ವಾಸ್ ಆ್ಯಂಗ್ರಿ’: ಉಳಿಯಿತು. ‘ಹಿ ಲುಕ್ಡ್ ಆ್ಯಂಗ್ರಿಲಿ ಅಟ್ ಮಿ’ ಅನ್ನುವುದರಲ್ಲಿ ‘ವಾಸ್’ ಇಟ್ಟರೆ ವಾಕ್ಯ ಮುರಿದುಬೀಳುತ್ತದೆ, ಯಾಕೆಂದರೆ ಅಲ್ಲಿ ಅವನು ನಿಜವಾಗಿ ಕಣ್ಣುಬಿಟ್ಟು ನನ್ನನ್ನು ನೋಡಿದ್ದಾನೆ. ಒಂದೇ ವರ್ಬ್, ಎರಡು ವೇಷ. ‘ಹಿ ಟರ್ನ್ಡ್ ಪೇಲ್’ ಅಂದರೆ ಮುಖ ಬಿಳಿಚಿಕೊಂಡಿತು, ‘ಹಿ ಟರ್ನ್ಡ್ ಸ್ಲೋಲಿ’ ಅಂದರೆ ನಿಧಾನವಾಗಿ ತಿರುಗಿದ. ‘ಫೀಲ್’, ‘ಸೌಂಡ್’, ‘ಸ್ಮೆಲ್’, ‘ಗ್ರೋ’, ‘ಗೆಟ್’ ಎಲ್ಲವೂ ಇದೇ ಜಾತಿ. ‘ಸೀಮ್’, ‘ಬಿಕಮ್’ ಮಾತ್ರ ಪಾಪ, ಹೆಚ್ಚಿನಂಶ ಕೊಂಡಿಯಾಗಿಯೇ ಬದುಕುತ್ತವೆ.

ಇಂಗ್ಲಿಷ್ ಮನೆಮಾತಿನವರೂ ಇಲ್ಲಿ ಎಡವುತ್ತಾರೆ. ‘ಐ ಫೀಲ್ ಬ್ಯಾಡ್’ ಅನ್ನಬೇಕಾದ ಕಡೆ ‘ಐ ಫೀಲ್ ಬ್ಯಾಡ್ಲಿ’ ಅನ್ನುವವರು ಬೇಕಾದಷ್ಟು ಜನ. ‘ಲಿ’ ಹಾಕಿದರೆ ಮಾತು ತೂಕವಾಗಿ ಕೇಳಿಸುತ್ತದೆ ಅನ್ನುವ ಭಾವನೆ ಇರಬೇಕು. ನಾನೂ ಒಮ್ಮೆ ಒಬ್ಬರಿಗೆ ಸಂತಾಪದ ಪತ್ರದಲ್ಲಿ ಹಾಗೇ ಬರೆದಿದ್ದೆ. ಈಗ ನೆನೆಸಿಕೊಂಡರೆ ನಾಚಿಕೆ.

‘ವೆಲ್’ ಅನ್ನುವುದೊಂದು ತಂಟೆಕೋರ ಪದ. ಅದು ಅಡ್ವರ್ಬ್ ಹೌದು, ‘ಆರೋಗ್ಯವಾಗಿರುವ’ ಅನ್ನುವ ಅರ್ಥದಲ್ಲಿ ಅಡ್ಜೆಕ್ಟಿವ್ ಕೂಡ ಹೌದು. ‘ಯು ಲುಕ್ ಗುಡ್’ ಅಂದರೆ ನೋಡಲು ಚೆನ್ನಾಗಿದ್ದೀರಿ. ‘ಯು ಲುಕ್ ವೆಲ್’ ಅಂದರೆ ಮೈ ಹುಷಾರಾಗಿರುವಂತೆ ಕಾಣುತ್ತದೆ. ಕಾಯಿಲೆಯಿಂದ ಎದ್ದವರಿಗೆ ಎರಡನೆಯದು ಹೇಳಿ.

ಇನ್ನೊಂದು ಮಾತು. ಕನ್ನಡದಲ್ಲಿ ‘ಅವಳು ಡಾಕ್ಟರ್’ ಅಂದರೆ ವಾಕ್ಯ ಮುಗಿಯಿತು, ವರ್ಬ್ ಬೇಕಾಗಿಲ್ಲ. ಇಂಗ್ಲಿಷಿನಲ್ಲಿ ನಡುವೆ ‘ಈಸ್’ ಕೂರಬೇಕು. ಕೂತ ಮೇಲೆ ಅದು ಎಡಗಡೆಯವರ ಮಾತನ್ನಷ್ಟೇ ಕೇಳುತ್ತದೆ. ‘ಮೈ ಪ್ರಾಬ್ಲೆಮ್ ಈಸ್ ಸ್ಪೆಲಿಂಗ್ ಮಿಸ್ಟೇಕ್ಸ್’, ತಿರುಗಿಸಿದರೆ ‘ಸ್ಪೆಲಿಂಗ್ ಮಿಸ್ಟೇಕ್ಸ್ ಆರ್ ಮೈ ಪ್ರಾಬ್ಲೆಮ್’. ಬಲಗಡೆ ಎಷ್ಟು ಮಂದಿ ಕೂತಿದ್ದಾರೆ ಅಂತ ಅದು ನೋಡುವುದೇ ಇಲ್ಲ.

ಈಗ ಉದ್ದ ವಾಕ್ಯಗಳಿಗೆ ಬರೋಣ. ‘ಗೆಳೆಯರು ಕೊಟ್ಟ ಪುಸ್ತಕಗಳ ಪಟ್ಟಿ ಉದ್ದವಾಗಿದೆ’ ಅನ್ನುವ ವಾಕ್ಯ ನೋಡಿ. ಗೆಳೆಯರು, ಪುಸ್ತಕಗಳು ಎಲ್ಲ ಮುಂಚೆಯೇ ಬಂದು ಹೋದವು. ವಾಕ್ಯದ ಯಜಮಾನ, ಅಂದರೆ ಸಬ್ಜೆಕ್ಟ್, ‘ಪಟ್ಟಿ’. ಅದು ‘ಉದ್ದವಾಗಿದೆ’ ಪಕ್ಕದಲ್ಲೇ ಕೂತಿದೆ. ಗೊಂದಲಕ್ಕೆ ಜಾಗವೇ ಇಲ್ಲ. ಇಂಗ್ಲಿಷ್ ಇದನ್ನು ತಲೆಕೆಳಗೆ ಮಾಡುತ್ತದೆ: ‘ದ ಲಿಸ್ಟ್ ಆಫ್ ಬುಕ್ಸ್ ದಟ್ ಮೈ ಫ್ರೆಂಡ್ಸ್ ಗೇವ್ ಮಿ ಈಸ್ ಲಾಂಗ್’. ‘ಲಿಸ್ಟ್’ ಮೊದಲೇ ಬಂದು ಕೂತಿತು. ಆಮೇಲೆ ಬುಕ್ಸ್ ಬಂದವು, ಫ್ರೆಂಡ್ಸ್ ಬಂದರು. ವರ್ಬ್ ಹತ್ತಿರ ಬರುವ ಹೊತ್ತಿಗೆ ‘ಲಿಸ್ಟ್’ ಮರೆತೇಹೋಗಿ ಕೈ ತಾನಾಗಿ ‘ಆರ್’ ಬರೆಯುತ್ತದೆ.

ಈ ತಪ್ಪಿಗೆ ಮಾತ್ರ ಕನ್ನಡವನ್ನು ಬೈಯಬೇಡಿ, ಇದು ಎಲ್ಲರದೂ. 1991ರಲ್ಲಿ ಕ್ಯಾಥರಿನ್ ಬಾಕ್ ಮತ್ತು ಕ್ಯಾರಲ್ ಮಿಲ್ಲರ್ ಇದರ ಮೇಲೆ ಒಂದು ಸಂಶೋಧನೆ ಪ್ರಕಟಿಸಿದರು. ಇಂಗ್ಲಿಷ್ ಮಾತಾಡುವವರಿಗೆ ವಾಕ್ಯದ ಮೊದಲ ತುಂಡು ಕೊಟ್ಟು ಮುಂದುವರಿಸಿ ಅಂದರು. ‘ದ ಕೀ ಟು ದ ಕ್ಯಾಬಿನೆಟ್ಸ್’ ತರದ ತುಂಡುಗಳು. ಬೀಗದ ಕೈ ಒಂದೇ, ಆದರೆ ನಡುವೆ ಬಂದ ‘ಕ್ಯಾಬಿನೆಟ್ಸ್’ ಕೆಲವರನ್ನು ‘ಆರ್’, ‘ವರ್’ ಕಡೆಗೆ ಎಳೆದುಬಿಟ್ಟಿತು. ನನಗೆ ಮಜಾ ಅನ್ನಿಸಿದ್ದು ಇನ್ನೊಂದು ಸಂಗತಿ. ಒಂದು ಯಜಮಾನ, ನಡುವೆ ಹಲವು ಇದ್ದಾಗ ತಪ್ಪು ಜಾಸ್ತಿ. ಹಲವು ಯಜಮಾನರು, ನಡುವೆ ಒಂದು ಇದ್ದಾಗ ತಪ್ಪು ಕಮ್ಮಿ. ಅಂದರೆ ಯಾಮಾರಿಸುವುದು ಆ ‘ಎಸ್’. ಏಕವಚನದ ಸಬ್ಜೆಕ್ಟ್ ಹಿಂದೆ ಬಹುವಚನ ಬಂದು ಕೂತಿದೆ ಅಂತ ಕಂಡ ಕೂಡಲೇ ನಾನು ಎಚ್ಚರವಾಗುತ್ತೇನೆ. ಸಬ್ಜೆಕ್ಟಿನಿಂದ ವರ್ಬ್‌ವರೆಗೆ ನಡುವೆ ಇರುವುದನ್ನೆಲ್ಲ ಬೆರಳಿನಿಂದ ಮುಚ್ಚಿ ಓದುತ್ತೇನೆ. ‘ದ ಲಿಸ್ಟ್ ಈಸ್ ಲಾಂಗ್’. ಇಷ್ಟು ವರ್ಷವಾದರೂ ಬೆರಳು ಬಿಟ್ಟಿಲ್ಲ.

‘ಹೂ’ (who) ಬಂದಾಗ ಬೆರಳು ಸಾಲದು. ‘ಶಿ ಈಸ್ ಒನ್ ಆಫ್ ದ ಸ್ಟೂಡೆಂಟ್ಸ್ ಹೂ ಕಮ್ ಅರ್ಲಿ’ ಅನ್ನಬೇಕೋ ‘ಕಮ್ಸ್’ ಅನ್ನಬೇಕೋ? ಇಂಥಲ್ಲಿ ಕನ್ನಡಕ್ಕೆ ಹೋಗಿ ಬನ್ನಿ. ‘ಬೇಗ ಬರುವ ವಿದ್ಯಾರ್ಥಿಗಳಲ್ಲಿ ಅವಳೂ ಒಬ್ಬಳು.’ ‘ಬೇಗ ಬರುವ’ ಯಾರಿಗೆ ಅಂಟಿಕೊಂಡಿದೆ? ವಿದ್ಯಾರ್ಥಿಗಳಿಗೆ. ಹಾಗಾದರೆ ‘ಕಮ್’. ಈಗ ‘ಶಿ ಈಸ್ ದಿ ಓನ್ಲಿ ಒನ್ ಆಫ್ ದ ಸ್ಟೂಡೆಂಟ್ಸ್ ಹೂ ಕಮ್ಸ್ ಅರ್ಲಿ’ ನೋಡಿ. ಕನ್ನಡದಲ್ಲಿ ಇದು ‘ವಿದ್ಯಾರ್ಥಿಗಳಲ್ಲಿ ಬೇಗ ಬರುವವಳು ಅವಳೊಬ್ಬಳೇ’ ಆಗುತ್ತದೆ. ‘ಬರುವವಳು’ ಒಬ್ಬಳು, ಆದ್ದರಿಂದ ‘ಕಮ್ಸ್’. ಇಂಗ್ಲಿಷ್ ಬಲ್ಲವರೇ ತಲೆ ಕೆರೆದುಕೊಳ್ಳುವ ಈ ಜಾಗದಲ್ಲಿ ಕನ್ನಡದವರಿಗೆ ಉತ್ತರ ಜೇಬಿನಲ್ಲೇ ಇದೆ. ಮೊದಲ ವಾಕ್ಯದಲ್ಲೂ ‘ಕಮ್ಸ್’ ಬರೆಯುವ ಇಂಗ್ಲಿಷರು ಬಹಳ ಇದ್ದಾರೆ, ಅದು ಬೇರೆ ಮಾತು. ನಾನಂತೂ ತಿದ್ದುತ್ತೇನೆ.

ಸಬಾರ್ಡಿನೇಟ್ ಕ್ಲಾಸ್‌ಗಳಲ್ಲಿ, ಅಂದರೆ ದೊಡ್ಡ ವಾಕ್ಯದ ಒಳಗೆ ಕೂತ ಉಪವಾಕ್ಯಗಳಲ್ಲಿ, ಪದೇ ಪದೇ ಕಾಣುವ ಇನ್ನೆರಡು ತಪ್ಪು ಬೇಗ ಹೇಳಿಬಿಡುತ್ತೇನೆ. ‘ಅವನು ಎಲ್ಲಿದ್ದಾನೆ?’ ಅನ್ನುವ ಪ್ರಶ್ನೆಯನ್ನು ‘ಅವನು ಎಲ್ಲಿದ್ದಾನೆ ಅಂತ ಗೊತ್ತಿಲ್ಲ’ ಒಳಗೆ ಇಟ್ಟರೂ ಪದಗಳು ಕದಲುವುದಿಲ್ಲ. ಇಂಗ್ಲಿಷಿನಲ್ಲಿ ಕದಲುತ್ತವೆ: ‘ವೇರ್ ಈಸ್ ಹಿ’, ಆದರೆ ‘ಐ ಡೋಂಟ್ ನೋ ವೇರ್ ಹಿ ಈಸ್’. ಹಾಗೆಯೇ ‘ಆಲ್ದೋ’ ಹಾಕಿದ ಮೇಲೆ ‘ಬಟ್’ ಬೇಡ. ಎರಡರಲ್ಲಿ ಒಂದು ಸಾಕು.

ಜೋಡಿ ಪದಗಳ ವಿಷಯದಲ್ಲಿ ನಿಮ್ಮ ಗೊಂದಲ ಕಳೆಯಲು ಒಂದು ಕನ್ನಡ ಪದ ಸಾಕು: ಕಷ್ಟಸುಖ. ‘ಕಷ್ಟಸುಖ ಎಲ್ಲರಿಗೂ ಇದೆ’ ಅನ್ನುತ್ತೇವೆ. ‘ಇವೆ’ ಅನ್ನುವುದಿಲ್ಲ, ಅಲ್ವಾ? ಎರಡು ಪದ ಬೆಸೆದು ಒಂದೇ ಸಂಗತಿ ಆಗಿಬಿಟ್ಟಿದೆ. ‘ಬ್ರೆಡ್ ಅಂಡ್ ಬಟರ್’ ಅಂಥದ್ದೇ. ಬೆಣ್ಣೆ ಸವರಿದ ಬ್ರೆಡ್ ಒಂದು ತಿಂಡಿ, ಹಾಗಾಗಿ ‘ಈಸ್’. ಹೊಟ್ಟೆಪಾಡು ಅನ್ನುವ ಅರ್ಥದಲ್ಲೂ ‘ಈಸ್’. ಬ್ರೆಡ್ ಬೇರೆ ಪೊಟ್ಟಣ, ಬೆಣ್ಣೆ ಬೇರೆ ಡಬ್ಬಿ ಅಂತಾದರೆ ‘ಬ್ರೆಡ್ ಅಂಡ್ ಬಟರ್ ಆರ್ ಸೋಲ್ಡ್ ಸೆಪರೇಟ್ಲಿ’. ‘ಲಾ ಅಂಡ್ ಆರ್ಡರ್’ ಕೂಡ ಸಾಮಾನ್ಯವಾಗಿ ಒಂದೇ.

ಇಂಥ ಜೋಡಿಗಳನ್ನು ಹಿಂದುಮುಂದು ಮಾಡಿದರೆ ಕಿವಿಗೆ ಒಗ್ಗುವುದಿಲ್ಲ. ‘ಬಟರ್ ಅಂಡ್ ಬ್ರೆಡ್’ ಅಂತ ಯಾರೂ ಅನ್ನುವುದಿಲ್ಲ, ನಾವು ‘ಮಠಮನೆ’ ಅನ್ನದ ಹಾಗೆ. ಯಾಕೋವ್ ಮಾಲ್ಕಿಯೆಲ್ ಅನ್ನುವ ಭಾಷಾ ವಿದ್ವಾಂಸರು 1959ರಲ್ಲಿ ಇವಕ್ಕೆ ‘ಇರ್‌ರಿವರ್ಸಿಬಲ್ ಬೈನಾಮಿಯಲ್ಸ್’ ಅಂತ ಹೆಸರಿಟ್ಟರು. ತಿರುಗಿಸಲಾಗದ ಜೋಡಿಗಳು ಅಂತ ಅರ್ಥ. ಕ್ರಮ ಗಟ್ಟಿಯಾಗಿದೆ ಅಂದ ಮಾತ್ರಕ್ಕೆ ‘ಈಸ್’ ಬರುವುದಿಲ್ಲ. ‘ಹಸ್ಬೆಂಡ್ ಅಂಡ್ ವೈಫ್’ ಕ್ರಮ ಎಷ್ಟೇ ಗಟ್ಟಿಯಾದರೂ ಅವರಿಬ್ಬರು ಇಬ್ಬರೇ.

ಜೋಡಿಗಳಲ್ಲಿ ನನ್ನನ್ನು ನಿಜಕ್ಕೂ ಕೆಡವಿದ್ದು ಒಂದು ಪುಟ್ಟ ‘ದ’. ಒಂದು ಸಂಘದ ವರದಿ ತಿದ್ದುತ್ತಿದ್ದೆ. ‘ದ ಸೆಕ್ರೆಟರಿ ಅಂಡ್ ಟ್ರೆಷರರ್ ಹ್ಯಾಸ್ ಸೈನ್ಡ್’ ಅಂತಿತ್ತು. ಕಾರ್ಯದರ್ಶಿ, ಖಜಾಂಚಿ ಅಂದರೆ ಇಬ್ಬರು ಅಂದುಕೊಂಡು ‘ಹ್ಯಾವ್’ ಮಾಡಿದೆ. ಅಷ್ಟಕ್ಕೇ ಬಿಡಲಿಲ್ಲ, ಕೊನೆಯಲ್ಲಿ ಎರಡು ಸಹಿಗೆ ಜಾಗವನ್ನೂ ಬಿಟ್ಟೆ. ವರದಿ ವಾಪಸ್ ಬಂತು. ಎರಡೂ ಹುದ್ದೆ ಒಬ್ಬರೇ ನೋಡಿಕೊಳ್ಳುತ್ತಿದ್ದರಂತೆ. ಬರೆದವರು ಸರಿಯಾಗಿಯೇ ಬರೆದಿದ್ದರು. ಒಂದೇ ‘ದ’ ಇದ್ದರೆ ಸಾಮಾನ್ಯವಾಗಿ ಒಬ್ಬರು. ಇಬ್ಬರಿದ್ದರೆ ‘ದ ಸೆಕ್ರೆಟರಿ ಅಂಡ್ ದ ಟ್ರೆಷರರ್ ಹ್ಯಾವ್’. ‘ದ’ ಎಷ್ಟು ಅಂತ ಎಣಿಸದೆ ಈಗ ಪೆನ್ನು ಮುಟ್ಟುವುದಿಲ್ಲ.

‘ಅಲಾಂಗ್ ವಿತ್’, ‘ಆ್ಯಸ್ ವೆಲ್ ಆ್ಯಸ್’ ಬಂದಾಗ ಮತ್ತೆ ಕನ್ನಡವನ್ನೇ ಕೇಳಿ. ‘ಗೆಳೆಯರ ಜೊತೆ ರವಿ ಬಂದ’, ‘ರವಿ ಮತ್ತು ಗೆಳೆಯರು ಬಂದರು’. ‘ಜೊತೆ’ ಅಂದಾಗ ಗೆಳೆಯರು ಲೆಕ್ಕಕ್ಕಿಲ್ಲ. ಇಂಗ್ಲಿಷಿನಲ್ಲೂ ಇಲ್ಲ: ‘ರವಿ, ಅಲಾಂಗ್ ವಿತ್ ಹಿಸ್ ಫ್ರೆಂಡ್ಸ್, ಈಸ್ ಕಮಿಂಗ್’. ‘ನೈದರ್, ನಾರ್’ ಇದ್ದರೆ ವರ್ಬ್ ತನ್ನ ಹತ್ತಿರ ಕೂತವರ ಮಾತು ಕೇಳುತ್ತದೆ. ‘ಎವ್ರಿ ಬಾಯ್ ಅಂಡ್ ಗರ್ಲ್’ಗೆ ‘ಹ್ಯಾಸ್’.

ಕತ್ತರಿ, ಕನ್ನಡಕ, ಪ್ಯಾಂಟು ಬೇರೆಯೇ ಕಥೆ. ನಮಗೆ ಇವು ಒಂದೊಂದು. ‘ಕತ್ತರಿ ಎಲ್ಲಿದೆ?’ ಇಂಗ್ಲಿಷಿನ ಕಣ್ಣಿಗೆ ಕಾಣುವುದು ಎರಡು ಅಲಗು, ಎರಡು ಗಾಜು, ಎರಡು ಕಾಲು. ಆದ್ದರಿಂದ ‘ವೇರ್ ಆರ್ ಮೈ ಸಿಸರ್ಸ್?’ ಮುಂದೆ ‘ಎ ಪೇರ್ ಆಫ್’ ಬಂದರೆ ಯಜಮಾನ ‘ಪೇರ್’, ಹಾಗಾಗಿ ‘ಈಸ್’. ಇಲ್ಲಿ ನಮ್ಮ ಕಿವಿ ಮಂದ ಆಗಿರುವುದಕ್ಕೆ ಕಾರಣ ಇದೆ. ಮಾತಿನಲ್ಲಿ ನಾವು ‘ಹತ್ತು ಪುಸ್ತಕ ಇದೆ’ ಅಂತಲೂ ಅನ್ನುತ್ತೇವೆ. ಜನರಾದರೆ ‘ಇದ್ದಾರೆ’ ಅಂತ ಬದಲಾಗುತ್ತದೆ, ವಸ್ತುಗಳಿಗೆ ಆ ಶಿಸ್ತು ಕೇಳುವುದಿಲ್ಲ.

ಕೊನೆಗೆ ನಿಮ್ಮ ವಾಕ್ಯ: ‘ವಾಟ್ ವರೀಸ್ ಮಿ ಆರ್ ದ ಮಿಸ್ಟೇಕ್ಸ್ ದಟ್ ಮೈ ಸನ್ ಅಂಡ್ ಡಾಟರ್ ಮೇಕ್ಸ್’. ಮೊದಲಿನ ಮೂರು ಪದ ಸೇರಿ ಸಬ್ಜೆಕ್ಟ್. ನನ್ನನ್ನು ಚಿಂತೆಗೆ ಹಚ್ಚಿರುವುದು, ಅಂದರೆ ಒಂದು ಸಂಗತಿ. ಆದ್ದರಿಂದ ನಾನಾದರೆ ‘ಈಸ್’ ಬರೆಯುತ್ತೇನೆ. ಬಲಗಡೆ ಬಹುವಚನ ಇರುವಾಗ ‘ವಾಟ್’ ವಾಕ್ಯಗಳಲ್ಲಿ ‘ಆರ್’ ಬರೆಯುವವರೂ ಇದ್ದಾರೆ, ಅದನ್ನು ಒಪ್ಪುವವರೂ ಇದ್ದಾರೆ, ಹಾಗಾಗಿ ಅದಕ್ಕೆ ಕೆಂಪು ಗೆರೆ ಎಳೆಯುವುದಿಲ್ಲ. ‘ಮೇಕ್ಸ್’ ಮಾತ್ರ ‘ಮೇಕ್’ ಆಗಲೇಬೇಕು. ‘ಸನ್ ಅಂಡ್ ಡಾಟರ್’ ಮುಂದೆ ‘ಮೈ’ ಒಂದೇ ಇದ್ದರೂ ಮಗ, ಮಗಳು ಇಬ್ಬರೂ ಒಬ್ಬರೇ ಆಗಲು ಸಾಧ್ಯವಿಲ್ಲವಲ್ಲ.