ದೊಡ್ಡ ಮಾರ್ಟ್‌ಗೆ ಹೋದರೆ ಬೀದಿ ಅಂಗಡಿಗೆ ದ್ರೋಹ ಮಾಡಿದ ಹಾಗಾ?

ತಿಂಗಳ ಸಾಮಾನು ಡಿಸ್ಕೌಂಟ್ ಮಾರ್ಟ್‌ನಲ್ಲಿ ತರುತ್ತೀರಿ, ಆ ಚೀಲ ಹಿಡಿದು ಬೀದಿಯ ಅಂಗಡಿ ಮುಂದೆ ಹಾಯೋಕೆ ಮುಜುಗರ ಅಂತ ಬರೆದಿದ್ದೀರಿ. ಅಂಥ ಅಂಗಡಿಯ ಗಲ್ಲಾದಲ್ಲಿ ಕೂತಿದ್ದವನು ನಾನು. ಹಾಸನದಲ್ಲಿ ನಮ್ಮಪ್ಪನ ದಿನಸಿ ಅಂಗಡಿ. ಚೀಲ ಹಿಡಿದವರು ರಸ್ತೆ ದಾಟಿ ಆಚೆ ಬದಿಯಲ್ಲಿ ಹೋಗುತ್ತಿದ್ದದ್ದು ನಮಗೆ ಚೆನ್ನಾಗಿಯೇ ಕಾಣುತ್ತಿತ್ತು, ಬಿಡಿ.

ನಮ್ಮ ಹತ್ತಿರ ಮಾರ್ಟ್ ಶುರುವಾದಾಗ ನಾನು ಬೆಲೆಯಲ್ಲೇ ಅವರನ್ನು ಸೋಲಿಸೋಕೆ ಹೊರಟೆ. ಅಲ್ಲೇ ಎಡವಟ್ಟಾಯಿತು. 40 ರೂಪಾಯಿ ಎಂಆರ್‌ಪಿಯ ಸೋಪು ನನಗೆ ಡಿಸ್ಟ್ರಿಬ್ಯೂಟರ್ ಹತ್ತಿರ 36ಕ್ಕೆ ಬಿತ್ತು ಅಂದುಕೊಳ್ಳಿ, ಅವರು ಗಿರಾಕಿಗೇ 35ಕ್ಕೆ ಕೊಡುತ್ತಿದ್ದರು. ಲಾರಿಗಟ್ಟಲೆ ಮಾಲನ್ನು ಕಂಪನಿಯಿಂದ ನೇರವಾಗಿ ಎತ್ತುತ್ತಾರೆ. 2002ರಲ್ಲಿ ಮುಂಬೈಯ ಪೊವಾಯಿಯಲ್ಲಿ ಮೊದಲ ಮಳಿಗೆ ತೆರೆದ ಡಿಮಾರ್ಟ್‌ನ ಲೆಕ್ಕವನ್ನೇ ನೋಡಿ: ಹೆಚ್ಚಿನ ಮಳಿಗೆಗಳ ಕಟ್ಟಡ ಸ್ವಂತದ್ದು, ಬಾಡಿಗೆ ಕಾಟವಿಲ್ಲ, ಮಾಲು ಕೊಟ್ಟವರಿಗೆ ಬೇಗ ದುಡ್ಡು ಕೊಟ್ಟು ರೇಟು ಇಳಿಸಿಕೊಳ್ಳುತ್ತಾರೆ. ಇದರಲ್ಲಿ ಮೋಸ ಏನಿದೆ, ಅದು ವ್ಯಾಪಾರ. ನಾನು ಹಟಕ್ಕೆ ಬಿದ್ದು 35ಕ್ಕೇ ಮಾರಿದೆ. ಆ ನಷ್ಟ ತುಂಬೋಕೆ, ಜಾಸ್ತಿ ಎತ್ತಿದರೆ ಸ್ಕೀಮ್ ಅಂದರೆ ರಿಯಾಯಿತಿ ಸಿಗುತ್ತೆ ಅಂತ ಬಿಸ್ಕತ್ತು, ಶಾಂಪೂ ಬಾಕ್ಸ್‌ಗಟ್ಟಲೆ ಇಳಿಸಿಕೊಂಡೆ, ಡೇಟ್ ಮುಗಿದು ಅಟ್ಟದಲ್ಲೇ ಕೂತವು. ದುಡ್ಡೆಲ್ಲ ಸ್ಟಾಕ್‌ನಲ್ಲಿ ಸಿಕ್ಕಿಕೊಂಡಿತು, ಕೈಯಲ್ಲಿ ಕಾಸಿಲ್ಲ. ಆಗ 'ಇಂದು ನಗದು ನಾಳೆ ಉದ್ರಿ' ಬೋರ್ಡು ತೂಗುಹಾಕಿದೆ.

ನನ್ನನ್ನು ಮುಗಿಸಿದ್ದು ಮಾರ್ಟ್ ಅಂತ ಎಲ್ಲರೂ ಹೇಳುತ್ತಾರೆ. ಅದು ಸುಳ್ಳು, ಮುಗಿಸಿದ್ದು ಆ ಬೋರ್ಡು. ಗಾರೆ ಕೆಲಸದವರು, ಕೂಲಿಯವರು ಸೋಪಿನ ರೇಟು ನೋಡಿ ಬರುತ್ತಿರಲಿಲ್ಲ. ಕಾಲು ಕೆಜಿ ಸಕ್ಕರೆ, ಸಣ್ಣ ಪ್ಯಾಕೆಟ್ ಟೀಪುಡಿ, ಶನಿವಾರ ಬಟವಾಡೆ ಆಗುವ ತನಕ ಪುಸ್ತಕದಲ್ಲಿ ಒಂದು ಸಾಲು ಬರೆದಿಡಿ ಅನ್ನೋಕೆ ಬರುತ್ತಿದ್ದರು. ಯಾವ ಮಾರ್ಟ್ ಆ ಪುಸ್ತಕ ಇಡುತ್ತೆ ಹೇಳಿ? ನನ್ನ ಹತ್ತಿರ ಮಾತ್ರ ಇದ್ದದ್ದನ್ನೇ ನಾನು ಮುಚ್ಚಿಟ್ಟೆ. ಅವರು ಪಕ್ಕದ ಬೀದಿಯ ಅಂಗಡಿಗೆ ಹೋದರು. ಆ ಅಂಗಡಿ ಈಗಲೂ ಇದೆ, ನಮ್ಮದು ಮೊಬೈಲ್ ರಿಪೇರಿಯವರಿಗೆ ಬಾಡಿಗೆಗೆ ಹೋಗಿದೆ.

ಹಾಗಾಗಿ ಪಾಪ ಪುಣ್ಯ ಅಂತ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಎಣ್ಣೆ ಬೇಳೆಯಲ್ಲಿ ಉಳಿಯುವ ದುಡ್ಡು ಸಂಬಳದ ಮನೆಗೆ ಸಣ್ಣದಲ್ಲ, ನಾನೂ ಈಗ ಸೋಪು ಮಾರ್ಟ್‌ನಲ್ಲೇ ತರುತ್ತೇನೆ. ಅಯ್ಯೋ ಪಾಪ ಅಂತ ಬಂದು ಬೆಂಕಿಪೊಟ್ಟಣ ಕೊಳ್ಳುವವರಿಂದ ಅಂಗಡಿ ನಡೆಯಲ್ಲ. ನಮಗೆ ಮೈ ಉರಿಯುತ್ತಿದ್ದದ್ದು ಬೇರೆಯವರ ಮೇಲೆ: ಸಂಬಳ ಬಂದ ವಾರ ಮಾರ್ಟ್, 25ನೇ ತಾರೀಕು ದಾಟಿದ ಮೇಲೆ ನಮ್ಮಲ್ಲಿ ಉದ್ರಿ. ನೀವು ಆ ಗುಂಪಿನವರಾದರೆ ಮುಜುಗರ ಪಡಿ, ಮೊದಲು ಹಳೇ ಬಾಕಿ ತೀರಿಸಿ.

ಮಾರ್ಟ್‌ನಲ್ಲಿ 'ಒಂದಕ್ಕೊಂದು ಉಚಿತ' ನೋಡಿ ಬುಟ್ಟಿ ತುಂಬಿಸುವ ಮುಂಚೆ ಗ್ರಾಮಿಗೆ ಎಷ್ಟು ಬೀಳುತ್ತೆ ನೋಡಿ, ಪ್ಯಾಕೆಟ್ ಮೇಲೆಯೇ ಹಾಕಿರುತ್ತಾರೆ. ಅಕ್ಕಿ ಮಾತ್ರ ಪರಿಚಯದ ಅಂಗಡಿಯಲ್ಲೇ ತಗೊಳ್ಳಿ. ಅನ್ನ ಮುದ್ದೆಯಾದರೆ ಮೂಟೆ ವಾಪಸ್ ತಗೊಳ್ಳುತ್ತಾರೆ, ಅರ್ಧ ಖಾಲಿಯಾದ ಮೂಟೆಯನ್ನೂ ನಾನು ಬೈದುಕೊಂಡೇ ತಗೊಂಡಿದ್ದೇನೆ.