ಮಗಳ ಕೈಗೆ ಪೊರಕೆ ಕೊಟ್ಟ ಮನೆ

ದಾವಣಗೆರೆಯ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ. ಅವರ 16 ವರ್ಷದ ಮಗಳು ವಿದ್ಯಾರ್ಥಿ ವಿನಿಮಯ ಕಾರ್ಯಕ್ರಮದಲ್ಲಿ ಒಂದು ವರ್ಷದ ಮಟ್ಟಿಗೆ ಜರ್ಮನಿಗೆ ಹೋಗಿದ್ದಾಳೆ. ಟ್ಯೂಬಿಂಗೆನ್ ಹತ್ತಿರ ಒಂದು ಕುಟುಂಬದ ಜೊತೆ ಇದ್ದಾಳೆ. ಹೋಗಿ ಮೂರು ತಿಂಗಳಾಯಿತು. ಪತ್ರದ ಸಾರ ಇಷ್ಟು:

“ರಾತ್ರಿ ಊಟಕ್ಕೆ ತಣ್ಣಗಿನ ಬ್ರೆಡ್ಡು, ಚೀಸು. ಅವರಾಡುವ ಜರ್ಮನ್ ಇವಳಿಗೆ ಅರ್ಥವಾಗುತ್ತಿಲ್ಲ. ಮೊನ್ನೆ ಶನಿವಾರ ಕೈಗೆ ಪೊರಕೆ ಕೊಟ್ಟು ಕಟ್ಟಡದ ಮೆಟ್ಟಿಲು ಗುಡಿಸಿಸಿದ್ದಾರೆ. ಇಷ್ಟು ಲಕ್ಷ ಖರ್ಚು ಮಾಡಿ ಕಳಿಸಿದ್ದು ಇದಕ್ಕಾ? ಇಲ್ಲಿ ಅವಳು ಕುಡಿದ ಲೋಟ ಎತ್ತಿಟ್ಟವಳಲ್ಲ. ದಿನಾ ರಾತ್ರಿ ಹತ್ತೂವರೆಗೆ ಫೋನ್ ಮಾಡಿ ಒಂದು ಗಂಟೆ ಮಾತಾಡಿಸಿ ಸಮಾಧಾನ ಮಾಡುತ್ತೇನೆ. ತುಪ್ಪ ಕಳಿಸಬೇಕೆಂದಿದ್ದೇನೆ. ಅಥವಾ ವಾಪಸ್ಸೇ ಕರೆಸಿಕೊಳ್ಳಲಾ?”

ಅಕ್ಕಾ, ಮೊದಲು ಪೊರಕೆಯ ವಿಷಯ. ನಾನೂ ಆ ಸೀಮೆಯಲ್ಲಿ ಒಂದು ಚಳಿಗಾಲ ಕಳೆದವನು. ಒಂದು ಸೋಮವಾರ ಬೆಳಿಗ್ಗೆ ಬಾಗಿಲು ತೆಗೆದರೆ ಹಿಡಿಕೆಗೆ ಅಂಗೈ ಅಗಲದ ಹಲಗೆ ನೇತಾಡುತ್ತಿತ್ತು. ದಾರ ಕಟ್ಟಿದ ಪುಟ್ಟ ಹಲಗೆ, ಮೇಲೆ ‘ಕೇರ್‌ವೋಖೆ’ ಎಂದು ಬರೆದಿತ್ತು. ಯಾರದೋ ಜಾಹೀರಾತು ಅಂದುಕೊಂಡು ಸುಮ್ನೆ ಬಿಟ್ಟೆ. ವಾರ ಕಳೆಯಿತು. ಭಾನುವಾರ ಕೆಳಗಿನ ಮನೆಯ ಅಜ್ಜಿ ಗಂಟೆ ಒತ್ತಿದರು. ಬೈಯಲಿಲ್ಲ. ಹಲಗೆ ತೋರಿಸಿದರು, ಆಮೇಲೆ ಮೆಟ್ಟಿಲು ತೋರಿಸಿದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಕೇರ್‌ವೋಖೆ ಅಂದರೆ ಗುಡಿಸುವ ವಾರ. ಶ್ವೇಬಿಯ ಎಂದು ಕರೆಯುವ ಆ ಸೀಮೆಯಲ್ಲಿ ಐನೂರು ವರ್ಷದಿಂದ ಬಂದ ಪದ್ಧತಿ. ಮೆಟ್ಟಿಲು, ಹೊಸ್ತಿಲ ಮುಂದಿನ ಜಾಗ, ಹಿಮ ಬಿದ್ದರೆ ಹಿಮ, ಎಲ್ಲವನ್ನೂ ಕಟ್ಟಡದವರು ಸರದಿಯಲ್ಲಿ ಸ್ವಚ್ಛ ಮಾಡಬೇಕು. ಹಲಗೆ ಒಂದು ಬಾಗಿಲಿನಿಂದ ಇನ್ನೊಂದಕ್ಕೆ ಹೋಗುತ್ತದೆ. ಡಾಕ್ಟರಾದರೂ ಅಷ್ಟೇ, ಪ್ರೊಫೆಸರಾದರೂ ಅಷ್ಟೇ. ಅಲ್ಲಿ ಪೊರಕೆಗೆ ಕೆಲಸದವಳ ವಾಸನೆ ಇಲ್ಲ, ಆ ವಾಸನೆ ಇರೋದು ನಮ್ಮ ಮೂಗಿನಲ್ಲಿ. ನಿಮ್ಮ ಮಗಳನ್ನು ನೆಂಟಳು ಅಂದುಕೊಂಡಿದ್ದರೆ ಸೋಫಾ ಮೇಲೆ ಕೂರಿಸಿ ಕಾಫಿ ಕೊಡುತ್ತಿದ್ದರು. ನಮ್ಮನೆ ಹುಡುಗಿ ಅಂದುಕೊಂಡರು, ಪೊರಕೆ ಕೊಟ್ಟರು.

ಲಕ್ಷಗಳ ಲೆಕ್ಕ ಬರೆದಿದ್ದೀರಿ. ಇಂಥ ಬಹುತೇಕ ಕಾರ್ಯಕ್ರಮಗಳಲ್ಲಿ ಮಕ್ಕಳನ್ನು ಇಟ್ಟುಕೊಳ್ಳುವ ಕುಟುಂಬಕ್ಕೆ ಬಾಡಿಗೆಯೂ ಸಿಗುವುದಿಲ್ಲ, ಊಟದ ಖರ್ಚೂ ಸಿಗುವುದಿಲ್ಲ. ನಿಮ್ಮ ಹಣ ಸಂಸ್ಥೆಗೆ, ವಿಮಾನಕ್ಕೆ, ವಿಮೆಗೆ ಹೋಗಿದೆ. ಆ ಮನೆಯವರು ಕೈಯಿಂದ ಹಾಕಿ ನಿಮ್ಮ ಮಗಳಿಗೆ ಊಟ ಹಾಕುತ್ತಿರಬಹುದು. ಹಾಗಾಗಿ ‘ದುಡ್ಡು ಕೊಟ್ಟಿದ್ದೇವೆ’ ಎಂಬ ಮಾತು ಮಗಳ ಬಾಯಲ್ಲಿ ಅಲ್ಲಿ ಬರದಿರಲಿ.

ನನ್ನ ತಂದೆ ಮೈಸೂರಿನಲ್ಲಿ ವಾರಾನ್ನ ಮಾಡಿ ಓದಿದವರು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರದು. ಒಂದು ಮನೆಯಲ್ಲಿ ನೀರು ಸೇದಬೇಕಿತ್ತು, ಇನ್ನೊಂದರಲ್ಲಿ ಚಿಕ್ಕ ಮಕ್ಕಳಿಗೆ ಮಗ್ಗಿ ಹೇಳಿಕೊಡಬೇಕಿತ್ತು. ಗುರುವಾರದ ಮನೆಯಲ್ಲಿ ಏನೂ ಮಾಡಿಸುತ್ತಿರಲಿಲ್ಲ, ಎಲೆ ಹಾಕಿ ಬಡಿಸಿ ಕಳಿಸುತ್ತಿದ್ದರು. ಆ ಮನೆಗೆ ಹೋಗುವುದೇ ಕಷ್ಟವಾಗುತ್ತಿತ್ತು ಅನ್ನುತ್ತಿದ್ದರು ಅಪ್ಪ. (ವಾರಾನ್ನವೂ ಹೆಚ್ಚಾಗಿ ಜಾತಿ ನೋಡಿಯೇ ಹಾಕುತ್ತಿದ್ದರು, ಅದನ್ನು ಮರೆಯಬಾರದು.)

ಇನ್ನು ಊಟ. ಅಲ್ಲಿ ರಾತ್ರಿಯೂಟದ ಹೆಸರೇ ‘ಆಬೆಂಡ್‌ಬ್ರೋಟ್’, ಸಂಜೆಯ ಬ್ರೆಡ್. ಬಿಸಿಯೂಟ ಮಧ್ಯಾಹ್ನಕ್ಕೆ ಎಂಬುದು ಹಳೆಯ ಅಭ್ಯಾಸ. ಸಂಜೆ ಬ್ರೆಡ್ಡು, ಚೀಸು, ಉಪ್ಪಿನಕಾಯಿ ಹಾಕಿದ ಸೌತೆಕಾಯಿ ಮೇಜಿನ ಮೇಲಿಟ್ಟು ಎಲ್ಲರೂ ಕೂತು ಹರಟುತ್ತಾರೆ. ಬಿಸಿ ಬೇಕೆಂದರೆ ‘ಲಿನ್ಸೆನ್ ಮಿಟ್ ಶ್ಪೆಟ್ಸ್‌ಲೆ’ ಕೇಳಲಿ. ಅದು ಆ ಸೀಮೆಯ ಮನೆಮನೆಯ ಅಡುಗೆ, ಬೇಯಿಸಿದ ಬೇಳೆಯ ಜೊತೆ ಹಿಟ್ಟು ಮೊಟ್ಟೆಯ ಶ್ಯಾವಿಗೆಯಂಥದ್ದು. ಸಾಸೇಜ್ ಬೇಡ ಅಂದರಾಯಿತು. ತುಪ್ಪ ಮಾತ್ರ ಕಳಿಸಬೇಡಿ. ಯುರೋಪಿನ ಒಕ್ಕೂಟ ಹೊರಗಿನಿಂದ ಹಾಲಿನ ಪದಾರ್ಥವನ್ನು ಪಾರ್ಸೆಲ್‌ನಲ್ಲಿ ಬಿಟ್ಟುಕೊಳ್ಳುವುದಿಲ್ಲ. ಕಸದ ಡಬ್ಬಿಗೆ ಹೋಗುತ್ತದೆ, ಹೊಟ್ಟೆ ಉರಿಯುತ್ತದೆ. ಚಟ್ನಿಪುಡಿ ಕಳಿಸಿ.

ಈಗ ನಾನು ಬರೆಯಲೇಬೇಕಾದ್ದು. ನೀವು ಫೋನ್ ಮಾಡುವುದು ಹತ್ತೂವರೆಗೆ ಅಂದಿರಿ. ಚಳಿಗಾಲದಲ್ಲಿ ಜರ್ಮನಿ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ. ಅಂದರೆ ಅಲ್ಲಿ ಆಗ ಸಂಜೆ ಆರು. ಬಹಳ ಮನೆಗಳಲ್ಲಿ ಆ ಬ್ರೆಡ್ಡಿನ ಮೇಜು ಹಾಕುವ ಹೊತ್ತು ಅದೇ. ಅಲ್ಲೂ ಹಾಗೇ ಆಗಿದ್ದರೆ ಮೂರು ತಿಂಗಳಿಂದ ನಿಮ್ಮ ಮಗಳು ಮೇಜಿನಿಂದ ಎದ್ದು ರೂಮಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಾಳೆ. ವಾಪಸ್ ಬರುವಷ್ಟರಲ್ಲಿ ಹರಟೆ ಮುಗಿದು ತಟ್ಟೆಯಲ್ಲಿ ಬ್ರೆಡ್ಡು ಮಾತ್ರ ಉಳಿದಿರುತ್ತದೆ. ಅವಳಿಗೆ ಆ ಊಟ ರುಚಿಸದೆ ಇರೋದಕ್ಕೆ ಅರ್ಧ ಕಾರಣ ನೀವೇ ಇರಬಹುದಲ್ವಾ? ಭಾಷೆ ಬರೋದೂ ಆ ಮೇಜಿನಲ್ಲೇ. ಶಾಲೆಯ ಜರ್ಮನ್ ಕಲಿತವರನ್ನು ಶ್ವೇಬಿಯನ್ನರ ಮನೆಗೆ ಬಿಡುವುದೆಂದರೆ ಪಠ್ಯಪುಸ್ತಕದ ಕನ್ನಡ ಕಲಿತವರನ್ನು ಕುಂದಾಪುರದ ಅಡುಗೆಮನೆಗೆ ಬಿಟ್ಟ ಹಾಗೆ.

ಆ ಕಡೆಯಿಂದ ಈ ಕಡೆಗೆ ಬಂದವರೂ ಇದ್ದರು. ಫರ್ಡಿನಾಂಡ್ ಕಿಟೆಲ್ 1853ರಲ್ಲಿ ನಮ್ಮಲ್ಲಿಗೆ ಬಂದಾಗ ಅವರಿಗೆ 21. ಜನರ ಬಾಯಿಂದ ಮಾತು ಹೆಕ್ಕಿ ಹೆಕ್ಕಿ 1894ರಲ್ಲಿ ಸುಮಾರು 70,000 ಪದಗಳ ನಿಘಂಟು ಕೊಟ್ಟರು. 1903ರಲ್ಲಿ ಅವರು ತೀರಿಕೊಂಡಿದ್ದು ಅದೇ ಟ್ಯೂಬಿಂಗೆನ್‌ನಲ್ಲಿ. ಮಗಳಿಗೆ ಹೇಳಿ, ಆ ಮನೆಯವರಿಗೆ ಈ ಕತೆ ಹೇಳಲಿ. ಮೇಜಿನಲ್ಲಿ ಒಂದು ಸಂಜೆಗೆ ಸಾಕು.

ಇಷ್ಟು ಹೇಳಿದ ಮೇಲೂ ಒಂದು ಗೆರೆ ಇದೆ. ಸರದಿಯಲ್ಲಿ ಗುಡಿಸುವುದು ಬೇರೆ. ದಿನಾ ಅವರ ಮಕ್ಕಳನ್ನು ಇವಳೇ ನೋಡಿಕೊಳ್ಳಬೇಕು, ಅಡುಗೆಯೆಲ್ಲ ಇವಳದೇ, ಪಾಸ್‌ಪೋರ್ಟ್ ಅವರ ಕೈಯಲ್ಲಿ, ಯಾರಾದರೂ ಮೈಮುಟ್ಟುತ್ತಾರೆ, ಹೀಗಿದ್ದರೆ ಹೊಂದಿಕೊಳ್ಳುವ ಮಾತೇ ಬೇಡ. ಸಂಸ್ಥೆಯವರು ಅಲ್ಲೇ ಊರಿನಲ್ಲಿ ಒಬ್ಬರನ್ನು ನೇಮಿಸಿರುತ್ತಾರೆ, ಅವತ್ತೇ ಅವರಿಗೆ ಹೇಳಬೇಕು. ಮನೆ ಬದಲಾಯಿಸುವುದು ಇಂಥ ಕಾರ್ಯಕ್ರಮಗಳಲ್ಲಿ ಮಾಮೂಲು, ಅವಮಾನವಲ್ಲ. ನಮ್ಮ ಮಕ್ಕಳ ಸಹಾಯವಾಣಿ 1098 ಇದ್ದ ಹಾಗೆ ಅಲ್ಲಿ ಮಕ್ಕಳಿಗೆ 116 111 ಇದೆ, ತುರ್ತಿಗೆ 112. ಎರಡೂ ಅವಳ ಫೋನಿನಲ್ಲಿರಲಿ. ನಿಮ್ಮ ನಾಲ್ಕು ಪುಟದಲ್ಲಿ ಅಂಥದ್ದೊಂದೂ ಕಾಣಲಿಲ್ಲ. ಆದರೂ ಒಮ್ಮೆ ನೇರವಾಗಿ ಕೇಳಿ. ಮಕ್ಕಳು ತಾವಾಗಿ ಹೇಳುವುದಿಲ್ಲ.

ಕರೆಸಿಕೊಳ್ಳಬೇಡಿ. ಫೋನನ್ನು ಭಾನುವಾರಕ್ಕೆ ಹಾಕಿಕೊಳ್ಳಿ, ನಮ್ಮ ಮಧ್ಯಾಹ್ನ ಮೂರೂವರೆಗೆ. ಅಲ್ಲಿ ಆಗ ಬೆಳಿಗ್ಗೆ ಹನ್ನೊಂದು. ಭಾನುವಾರ ಅಂಗಡಿಗಳೂ ಮುಚ್ಚಿರುತ್ತವೆ, ಎಲ್ಲರೂ ಮನೆಯಲ್ಲೇ ಇರಬಹುದು. ಆ ಮನೆಯಾಕೆಗೂ ಒಂದು ನಮಸ್ಕಾರ ಹೇಳಿ. ಮತ್ತೆ ಸರದಿ ಬಂದಾಗ ಆ ಹಲಗೆಯ ಫೋಟೋ ತೆಗೆದು ಕಳಿಸಲು ಮಗಳಿಗೆ ಹೇಳಿ. ನನ್ನದನ್ನು ನಾನು ತೆಗೆದುಕೊಳ್ಳಲೇ ಇಲ್ಲ.

– ಸಂಪಾದಕ